ಕಾಲಿಗೆ ನೀರು

ಬೆಳಗಾವಿ,
೧೮ ಜನವರಿ ೧೯೮೪, ಬುಧವಾರ

ನನ್ನ ಸಿಡುಕಿ ನೀಲಾಗೆ,

ನಿನ್ನ ಅವ್ವನ ಮುದ್ದು. ಕ್ಷೇಮವಾಗಿದ್ದೇನೆ ಎಂದು ಮೊದಲ ಸಾಲಿನಲ್ಲಿ ಬರೆಯುವುದು ರೂಢಿ. ನಿನ್ನ ಪತ್ರ ಓದಿದ ಮೇಲೆ ಆ ಮಾತು ಬರೆಯಲು ಕೈ ಏಳಲಿಲ್ಲ, ಬಿಟ್ಟುಬಿಟ್ಟೆ. ಭಾನುವಾರ ನಿನ್ನ ಅಪ್ಪ ಒಬ್ಬರೇ ಬಂದರು. ಬಾಗಿಲ ಹೊರಗಿನ ಕಲ್ಲಿನ ಮೇಲೆ ಕುಳಿತು ಚೀಲದಿಂದ ಮೊದಲು ಸಾಬೂನು ತೆಗೆದರು, ಆಮೇಲೆ ಚುರುಮುರಿ ತೆಗೆದರು, ಎಲ್ಲ ಮುಗಿದ ಮೇಲೆ ನಿನ್ನ ಪತ್ರ ತೆಗೆದರು. ಅದನ್ನು ನನ್ನ ಕೈಗೆ ಕೊಟ್ಟು ರಸ್ತೆಯ ಕಡೆ ಮುಖ ಮಾಡಿ ಕುಳಿತರು. ಒಳಗೆ ಏನಿದೆ ಎಂದು ಅವರಿಗೆ ಗೊತ್ತಿತ್ತು.

ಕೊನೆಯ ಸಾಲು ಬಿಟ್ಟರೆ ನೀನು ಬರೆದದ್ದು ಎರಡೇ ಮಾತು. ಅವ್ವ ಬರದ ಲಗ್ನದ ಮಂಟಪದಲ್ಲಿ ನೀನು ಅಕ್ಕಿಕಾಳಿಗೆ ತಲೆಯೊಡ್ಡಿ ನಿಲ್ಲುವುದಿಲ್ಲ ಎಂಬುದು ಒಂದು. ಜ್ವರ ಬಿಡುತ್ತಿಲ್ಲ, ಲಗ್ನಕ್ಕೆ ಬರಲಾಗದು ಎಂದು ನಾನು ಹೇಳಿ ಕಳಿಸಿದ್ದು ಸುಳ್ಳು, ನಿನಗಿಂತ ನನಗೆ ನನ್ನ ಕಾಲೇ ಹೆಚ್ಚು ಎಂಬುದು ಇನ್ನೊಂದು. ಜ್ವರ ಸುಳ್ಳೇ, ಒಪ್ಪಿದೆ. ಆದರೆ ಬರುವ ತಿಂಗಳು ನಿನ್ನ ಲಗ್ನಕ್ಕೆ ನಾನು ಬರುವುದಿಲ್ಲ ಎಂಬುದು ಖರೆ, ನೀನು ಅಕ್ಕಿಕಾಳಿಗೆ ನಿಲ್ಲಲೇಬೇಕು ಎಂಬುದೂ ಖರೆ. ಯಾಕೆ ಎಂದು ಹೇಳುತ್ತೇನೆ. ನಿನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅರ್ಧ ಓದಿ ಹರಿದು ಹಾಕಬೇಡ. ಪೂರ್ತಿ ಓದು, ಆಮೇಲೆ ಒಲೆಗೆ ಹಾಕು.

ಕಾಲಿನ ಮಾತನ್ನೇ ಮೊದಲು ಮುಗಿಸುತ್ತೇನೆ. ಇಷ್ಟು ವರ್ಷ ನಿನ್ನ ಮುಖಕ್ಕಿಂತ ಹೆಚ್ಚು ನನ್ನ ಅಂಗಾಲನ್ನೇ ನೋಡಿದ್ದೇನೆ, ಅದು ನಿಜ. ನಾನಾಗಿ ಬೇಡಿ ಪಡೆದದ್ದಲ್ಲ ಅದು. ನೀನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನನಗೆ ಕುಷ್ಠ ಎಂದು ಗೊತ್ತಾಯಿತು. ವಡಗಾವಿಯ ನಮ್ಮ ಓಣಿಯವರು ನಲ್ಲಿಯ ಹತ್ತಿರ ನನ್ನ ಕೊಡ ಇಡಲು ಬಿಡಲಿಲ್ಲ. ನಾನು ಊರ ಹೊರಗಿನ ಈ ದವಾಖಾನೆಯ ಚಾಳಿಗೆ ಬಂದೆ, ನೀನು ಅಪ್ಪನ ಹತ್ತಿರ ಉಳಿದೆ. ಗುಳಿಗೆ ನುಂಗಿ ನುಂಗಿ ರೋಗ ಹೋಯಿತು, ಡಾಕ್ಟರರು ಹಾಗೆಂದು ಬರೆದೂ ಕೊಟ್ಟರು. ಪಾದಗಳಿಗೆ ಮಾತ್ರ ಸ್ಪರ್ಶ ತಿರುಗಿ ಬರಲಿಲ್ಲ. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಕೆಂಡ ತುಳಿದರೂ ತಿಳಿಯುವುದಿಲ್ಲ. ನಿನ್ನ ಅಪ್ಪ ನಿನಗಾಗಿ ಓಣಿ ಬದಲಿಸಿದರು. ಹೊಸ ಓಣಿಯವರಿಗೆ ನಾನು ದವಾಖಾನೆಯಲ್ಲಿ ಆಯಾ ಎಂದು ಹೇಳಿದರು. ಖಾನಾಪುರದ ಬೀಗರಿಗೂ ನಾವು ಹೇಳಿದ್ದು ಅದನ್ನೇ.

ಸ್ಪರ್ಶವಿಲ್ಲದ ಕಾಲನ್ನು ಕಣ್ಣಿನಿಂದ ಕಾಯಬೇಕು ಎಂದು ಇಲ್ಲಿನ ನರ್ಸಬಾಯಿ ಕಲಿಸಿದಳು. ದಿನಾ ಸಂಜೆ ಬೋಗುಣಿಯಲ್ಲಿ ತಣ್ಣೀರು ಹಾಕಿ ಕಾಲು ನೆನೆಸುತ್ತೇನೆ. ಚರ್ಮ ಮೆತ್ತಗಾದ ಮೇಲೆ ಒರಟು ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ಹಸಿ ಆರುವ ಮೊದಲೇ ಎಣ್ಣೆ ಹಚ್ಚುತ್ತೇನೆ. ಆಮೇಲೆ ಕನ್ನಡಿ ಹಿಡಿದು ಅಂಗಾಲಿನಲ್ಲಿ ಎಲ್ಲಾದರೂ ಕೆಂಪಾಗಿದೆಯೇ ಎಂದು ನೋಡುತ್ತೇನೆ. ಬಿಸಿನೀರಿನ ಹತ್ತಿರ ಹೋಗುವುದಾದರೆ ಮೊದಲು ಮೊಣಕೈ ಅದ್ದಬೇಕು, ಕಾಲನ್ನು ನಂಬಬಾರದು. ಒಂದು ಸಂಜೆ ತಪ್ಪಿಸಿದರೂ ಗಾಯವಾಗುತ್ತದೆ, ಗಾಯ ಬೆರಳನ್ನು ತಿನ್ನುತ್ತದೆ. ನನ್ನ ಬಾಜು ಖೋಲಿಯ ಮಾಯವ್ವನನ್ನು ನೀನು ನೋಡಿದ್ದೀಯಲ್ಲ, ಹಲಸಿ ಊರಿನಾಕೆ. ಅವಳ ಕಾಲಿನಲ್ಲಿ ಬೆರಳೇ ಉಳಿದಿಲ್ಲ. ನನಗೆ ಎಲ್ಲವೂ ಉಳಿದಿವೆ, ಅದರ ಬಗ್ಗೆ ನನಗೆ ಸ್ವಲ್ಪ ಸೊಕ್ಕೂ ಇತ್ತು.

ಲಗ್ನ ಗಟ್ಟಿ ಮಾಡುವ ಮೊದಲು ಗಂಡಿನ ಮನೆ ನೋಡಲು ಹೋಗಬೇಕಾದಾಗ ನೀನು ಹಟ ಹಿಡಿದೆ. ಅಪ್ಪ ನಿನ್ನ ಸೋದರತ್ತೆಯನ್ನು ಕರೆದುಕೊಂಡು ಹೋಗುತ್ತೇನೆ ಎಂದರೆ ನೀನು ಕೇಳಲಿಲ್ಲ. “ನಾ ಬಾಳೇ ಮಾಡೂ ಮನಿ ನಮ್ಮವ್ವನ ಕಣ್ಣಿಲೆ ನೋಡಬೇಕು” ಎಂದೆ. ಆ ಮಾತನ್ನು ನಿನ್ನ ಅಪ್ಪ ಇಲ್ಲಿ ಬಂದು ಹೇಳಿದಾಗ ನಾನು ಒಳಗೆ ಹೋಗಿ ಸ್ವಲ್ಪ ಅತ್ತು, ಹೊರಗೆ ಬಂದು ಆಯಿತು ಎಂದೆ. ಅವತ್ತಿನಿಂದ ನಾನು ನನ್ನ ಕಾಲುಗಳಿಗೆ ಮಾಡಿದ ಉಪಚಾರ ಯಾವ ಮದುಮಗಳಿಗೂ ಆಗಿರಲಿಕ್ಕಿಲ್ಲ. ಸಂಜೆ ಒಂದು ಸಲ ಇದ್ದದ್ದು ಬೆಳಿಗ್ಗೆ, ಸಂಜೆ ಎರಡು ಸಲ ಆಯಿತು. ಹಿಮ್ಮಡಿಯ ಬಿರುಕಿಗೆ ಕುಸುಬಿ ಎಣ್ಣೆಯಲ್ಲಿ ಮೇಣ ಕರಗಿಸಿ ತುಂಬಿದೆ. ಉಗುರನ್ನು ನೆನೆಸಿ ನೇರವಾಗಿ ಕತ್ತರಿಸಿದೆ, ಸಂದಿನ ಕೊಳೆಯನ್ನು ಹತ್ತಿ ಸುತ್ತಿದ ಕಡ್ಡಿಯಿಂದ ತೆಗೆದೆ. ಕಾಲ್ಬೆರಳಿನ ಪಿಲ್ಲಿಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಿದೆ. ಮಾಯವ್ವ ಎಲ್ಲಿಂದಲೋ ಒಂದು ಕೆಂಪು ನೇಲ್ ಪಾಲಿಶಿನ ಬಾಟಲಿ ತಂದು, “ಯಾರ ಲಗ್ನ ಐತಿ ಇದು, ನಿಂದೋ ನಿನ್ನ ಮಗಳದೋ” ಎಂದು ಕೇಳಿದಳು. ನಾನು ನಾಚಿಕೊಂಡರೂ ಹಚ್ಚಿಕೊಂಡೆ. ಬಣ್ಣ ಒಣಗುವ ತನಕ ಇಬ್ಬರೂ ನನ್ನ ಕಾಲು ನೋಡುತ್ತಾ ಕುಳಿತೆವು. ಅವಳು ತನ್ನ ಕಾಲನ್ನು ಸೆರಗಿನ ಕೆಳಗೆ ಎಳೆದುಕೊಂಡಿದ್ದಳು.

ದವಾಖಾನೆಯ ಕಪ್ಪು ಚಪ್ಪಲಿ ನೋಡಿದರೆ ಬೆಳಗಾವಿಯಲ್ಲಿ ಯಾರಾದರೂ ಗುರುತು ಹಿಡಿಯುತ್ತಾರೆ. ಅದಕ್ಕೇ ನಿನ್ನ ಅಪ್ಪ ಖಡೇ ಬಜಾರದಿಂದ ಎಲ್ಲರೂ ಹಾಕುವಂಥ ಚಪ್ಪಲಿ ತಂದರು. ರೈಲುಗಾಡಿಯಲ್ಲಿ ನಾನು ಎರಡು ಸಲ ಚಪ್ಪಲಿ ಬಿಚ್ಚಿ, ಉಜ್ಜಿ ಗುಳ್ಳೆ ಎದ್ದಿದೆಯೇ ಎಂದು ನೋಡಿದೆ. ಏನೂ ಆಗಿರಲಿಲ್ಲ. ಖಾನಾಪುರದಲ್ಲಿ ಇಳಿದಾಗ ನನ್ನ ಕಾಲು ನನ್ನ ಲಗ್ನದಲ್ಲಿ ಇದ್ದದ್ದಕ್ಕಿಂತ ಚಂದ ಇದ್ದವು. ನಿನ್ನ ಅಪ್ಪ ಕೂಡ ನೋಡಿ ನಕ್ಕರು.

ಮನೆ ಚಲೋ ಇದೆ, ನೀಲಾ. ಇದನ್ನು ನಿನಗೆ ಹೇಳಲೆಂದೇ ನಾನು ಹೋಗಿದ್ದು, ಇಲ್ಲಿಯ ತನಕ ಹೇಳಲೇ ಇಲ್ಲ. ಹಂಚಿನ ಮನೆ. ನಿನ್ನ ಕೈ ಹಿಡಿಯುವ ಈರಣ್ಣ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ ಆಗಿರುವುದರಿಂದಲೋ ಏನೋ, ಒಂದು ಹಂಚೂ ಒಡೆದಿಲ್ಲ. ಅಡಿಗೆಮನೆಯ ಬೆಳಕಿಂಡಿ ದೊಡ್ಡದು, ಹೊಗೆಯಿಂದ ನಿನ್ನ ಕಣ್ಣು ಉರಿಯುವುದಿಲ್ಲ. ಹಿತ್ತಲಲ್ಲಿ ಬಾವಿ ಇದೆ, ನಲ್ಲಿಯ ಜಗಳವಿಲ್ಲ. ಈರಣ್ಣ ನನ್ನ ಕಣ್ಣು ತಪ್ಪಿಸಿ ನಿನ್ನ ಅಪ್ಪನ ಹತ್ತಿರ ನೀನು ಏನು ಓದಲು ಇಷ್ಟಪಡುತ್ತೀ ಎಂದು ಕೇಳಿದನಂತೆ. ಅವನು ನಿನ್ನನ್ನು ನೋಡಿ ಹೋದ ವಾರ ನೀನು ಮಗ್ಗದ ಕಂಡಿಕೆ ಸುತ್ತುವುದನ್ನು ಮರೆತು ನೂಲನ್ನೆಲ್ಲ ಗಂಟು ಹಾಕಿದ್ದೂ ನನಗೆ ಗೊತ್ತು, ನಿನ್ನ ಅಪ್ಪನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ.

ಈಗ ಆ ದಿನ ನಡೆದದ್ದು. ಗಂಡಸರು ಪಡಸಾಲೆಗೆ ಹೋದರು. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ ಬಾಳವ್ವನವರು, ನಿನ್ನ ಅತ್ತೆಯಾಗುವವರು, ಬಲು ಆದರದಿಂದ, “ಬರ್ರಿ ಬೀಗತಿಯಾರ, ಚಳಿ ಭಾಳ ಐತಿ, ಹಂಡೇದಾಗ ನೀರು ಕಾಸೇವಿ, ಕಾಲ ತೊಳ್ಕೋರಿ” ಎಂದರು. ಕಲ್ಲಿನ ಬಾಜು ಬಕೀಟು ಇತ್ತು, ತಂಬಿಗೆ ಇತ್ತು. ಹಿರಿಯ ಸೊಸೆ ಹಂಡೆಯ ಕುದಿನೀರನ್ನು ಬಕೀಟಿಗೆ ಹಾಕಿ, ಬೆರೆಸಲು ತಣ್ಣೀರು ತರಲೆಂದು ಬಾವಿಯ ಕಡೆ ಹೋಗಿದ್ದಳು. ಅದು ನನಗೆ ಗೊತ್ತಿರಲಿಲ್ಲ, ಬಾಳವ್ವನವರಿಗೂ ಗೊತ್ತಿರಲಿಲ್ಲ. ನೀರಿನಿಂದ ಹಬೆ ಏಳುತ್ತಿತ್ತು, ಆದರೆ ಖಾನಾಪುರದ ಆ ಚಳಿಯಲ್ಲಿ ಬಾವಿಯ ನೀರೂ ಹಬೆಯಾಡುತ್ತದೆ. ಸುತ್ತ ಮನೆಯ ಹೆಂಗಸರೆಲ್ಲ ನಿಂತು ನನ್ನ ಕಾಲು ನೋಡುತ್ತಿದ್ದರು. ನೋಡಲಿ ಎಂದೇ ನಾನೂ ನಿರಿಗೆಯನ್ನು ಸ್ವಲ್ಪ ಹೆಚ್ಚೇ ಎತ್ತಿದ್ದೆ. ಅಷ್ಟು ಜನರ ಮುಂದೆ ಬೀಗತಿಯಾದವಳು ಬಗ್ಗಿ ಬಕೀಟಿನಲ್ಲಿ ಮೊಣಕೈ ಅದ್ದುವುದು ಹೇಗೆ? ಇದೊಂದು ಸಲ ಇರಲಿ ಎಂದುಕೊಂಡು ತಂಬಿಗೆ ತುಂಬಿ ಎರಡೂ ಪಾದದ ಮೇಲೆ ಸುರಿದೆ. ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜಿ, ಮತ್ತೆ ಸುರಿದೆ.

ಎರಡನೆಯ ಸಲ ನಾಲ್ಕು ಹನಿ ಬಾಳವ್ವನವರ ಕಾಲಿಗೆ ಸಿಡಿದವು. ಅವರು “ಅಯ್ಯಯ್ಯ, ಸುಟ್ಟಿತು” ಎಂದು ಹಿಂದಕ್ಕೆ ಜಿಗಿದರು. ನಾನು ಇನ್ನೂ ನಗುತ್ತಾ ನಿಂತಿದ್ದೆ. ಅವರು ನನ್ನ ಕಾಲು ನೋಡಿದರು. ಪಾದ ಕೆಂಪಗಾಗುತ್ತಿದ್ದವು. ಆಮೇಲೆ ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು ಎಂದು ನನಗೆ ಆಗಲೇ ತಿಳಿಯಿತು.

ಅವರು ಕೂಗಾಡಲಿಲ್ಲ. ಉಳಿದ ಹೆಂಗಸರ ಕಡೆ ತಿರುಗಿ, “ಏನಾಗಿಲ್ಲ, ಹನಿ ಸಿಡದ್ವು. ನೀವು ಒಳಗ ನಡೀರಿ, ಚಹಾ ಆರತೈತಿ” ಎಂದು ಎಲ್ಲರನ್ನೂ ಕಳಿಸಿದರು. ಸೊಸೆ ತಂದ ಕೊಡದ ನೀರನ್ನು ತಾವೇ ನನ್ನ ಕಾಲಿಗೆ ಹೊಯ್ದರು. ಅವಸರಕ್ಕೆ ಅರ್ಧ ನೀರು ಹೊರಗೇ ಹೋಯಿತು. ನನ್ನನ್ನು ಭತ್ತದ ಚೀಲ ಇಟ್ಟ ಖೋಲಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

“ನಮ್ಮಕ್ಕಗೂ ಹಿಂಗ ಆಗಿತ್ತು” ಎಂದರು. “ಒಲಿ ಮುಂದ ಕುಂತ್ರ ಕಾಲ ಸುಡೂದು ಆಕಿಗೆ ತಿಳೀತಿರಲಿಲ್ಲ. ಒಂದಿನ ಆಕೀನ ಎಲ್ಲಿಗೋ ಕಳಿಸಿಬಿಟ್ರು. ಎಲ್ಲಿಗಂತ ನಾ ಕೇಳಲಿಲ್ಲ.” ನಾನು ರೋಗ ಹೋಗಿದೆ, ಡಾಕ್ಟರರು ಬರೆದು ಕೊಟ್ಟಿದ್ದಾರೆ, ಯಾರಿಗೂ ಹತ್ತುವುದಿಲ್ಲ ಎಂದೆಲ್ಲ ಹೇಳಿದೆ. ಅವರು ಎಲ್ಲಕ್ಕೂ ಹೌದೆಂದು ತಲೆಯಾಡಿಸಿದರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ನಾಳೆ ನಾನು ಸೇರಿಸಿ ಹೇಳಿದೆ ಎನ್ನಬಾರದು. “ನಾ ನಂಬತೀನ್ರಿ. ಹುಡಿಗಿ ಬಂಗಾರದಂಥಾಕಿ, ಈ ಸಂಬಂಧ ನಾ ಬಿಡಂಗಿಲ್ಲ. ಆದ್ರ ನಮ್ಮ ಭಾವ ದುಂಡಪ್ಪನವರು ಈ ಮನಿ ಹಿರ್ಯಾರು, ಅವರಿಗೆ ಗೊತ್ತಾದ್ರ ಅವತ್ತ ಎಲ್ಲಾ ಮುರದ ಬೀಳತೈತಿ. ಲಗ್ನದಾಗ ಅವರ ಅಕ್ಕ ತಂಗ್ಯಾರು ನಿಮ್ಮ ಕಾಲಿಗೆ ನೀರು ಹಾಕತಾರ, ನಿಮ್ಮ ಕಾಲ ಮುಟ್ಟತಾರ. ಎಷ್ಟಂತ ಮುಚ್ಚೂಣು? ನೀವು ಲಗ್ನಕ್ಕ ಬರಬ್ಯಾಡ್ರಿ. ಮುಂದೂ ಈ ಮನಿಗೆ ಬರಬ್ಯಾಡ್ರಿ. ನಿಮ್ಮ ಕಾಲ ಬೀಳತೀನಿ.”

ಬಾಯಿಮಾತಿಗೆ ಹೇಳಲಿಲ್ಲ, ನಿಜವಾಗಿಯೂ ಬಿದ್ದರು. ಅವರ ಎರಡೂ ಕೈ ನನ್ನ ಪಾದದ ಮೇಲೆ ಇದ್ದದ್ದು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ತಿಳಿಯುತ್ತಿರಲಿಲ್ಲ. ನಾನು ಆಯಿತು ಎಂದೆ. ಹೊರಗೆ ಬಂದು ಚಹಾ ಕುಡಿದೆ, ಶೇಂಗಾದ ಹೋಳಿಗೆ ತಿಂದೆ, ಎಲ್ಲರ ಜೊತೆ ನಗುತ್ತಾ ಮಾತನಾಡಿದೆ.

ತಿರುಗಿ ಬರುವಾಗ ಗಾಡಿಯಲ್ಲಿ ಚಪ್ಪಲಿ ಬಿಚ್ಚಿದರೆ ಗುಳ್ಳೆಗಳು ಎದ್ದು ಕೆಲವು ಒಡೆದಿದ್ದವು. ನಿನ್ನ ಅಪ್ಪ ಹೆಗಲ ಮೇಲಿನ ವಸ್ತ್ರ ಹರಿದು ನನ್ನ ಕಾಲಿಗೆ ಸುತ್ತಿದರು. ಬಾಳವ್ವನವರ ಮಾತು ಹೇಳಿದೆ. “ಈ ಸಂಬಂಧ ಬ್ಯಾಡ. ನನ್ನ ಮಗಳು ನನ್ನ ಮನ್ಯಾಗ ಇರತಾಳ” ಎಂದರು. ಜನ ತಿರುಗಿ ನೋಡುವಷ್ಟು ಜೋರಾಗಿ ಹೇಳಿದರು. ನಿನಗೆ ಇದನ್ನು ಹೇಳಬಾರದು, ಸಂಬಂಧ ಮುರಿಯಬಾರದು ಎಂದು ಅವರಿಂದ ನಾನೇ ಆಣೆ ಮಾಡಿಸಿಕೊಂಡೆ. ನೀನು ಅವರ ಮೇಲೆ ಸಿಟ್ಟಾಗಿ ಮಾತು ಬಿಟ್ಟಿದ್ದೀಯಂತೆ. ಇವತ್ತೇ ಅವರಿಗೆ ಬಿಸಿ ರೊಟ್ಟಿ ಬಡಿದು ಹಾಕು. ಅವರದೇನೂ ತಪ್ಪಿಲ್ಲ.

ನನಗೆ ಸಿಟ್ಟು ಬಂದಿಲ್ಲ ಎಂದು ಬರೆದರೆ ಅದೂ ಜ್ವರದಂಥ ಸುಳ್ಳೇ ಆಗುತ್ತದೆ. ಬಾಳವ್ವನವರ ಮೇಲೆ ಬಂದಿದೆ. ಅಷ್ಟೆಲ್ಲ ತಿಳಿದವರು, ಸ್ವಂತ ಅಕ್ಕನನ್ನು ಕಳೆದುಕೊಂಡವರು, ಬರ್ರಿ ಎಂದು ಒಂದು ಮಾತು ಹೇಳಲು ಆಗಲಿಲ್ಲವೇ ಎಂದು ದಿನವೂ ಅವರ ಜೊತೆ ಮನಸ್ಸಿನಲ್ಲೇ ಜಗಳ ಆಡುತ್ತೇನೆ. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ. ಆದರೆ ಅದು ನನ್ನ ಮತ್ತು ಅವರ ನಡುವಿನದು. ನೀನು ಅದನ್ನು ಉಡಿಯಲ್ಲಿ ಕಟ್ಟಿಕೊಂಡು ಆ ಮನೆಗೆ ಹೋಗಬೇಡ. ಅವರು ಬಾಗಿಲು ತೆರೆದು ಒಂದು ಮಾತು ಕೂಗಿದ್ದರೆ ಅವತ್ತೇ ಎಲ್ಲ ಮುಗಿಯುತ್ತಿತ್ತು, ಕೂಗಲಿಲ್ಲ. ಈ ಹಿಂದೆ ಎರಡು ಕಡೆಯವರು ನನ್ನ ಸುದ್ದಿ ಕೇಳಿದ ಕೂಡಲೇ ನಿನ್ನನ್ನು ಬಿಟ್ಟು ಹೋದದ್ದು ನೆನಪಿದೆಯಲ್ಲ. ಇವರು ತಿಳಿದೂ ನಿನ್ನನ್ನು ಬಿಡಲಿಲ್ಲ. ನನ್ನನ್ನು ಮಾತ್ರ ಬಿಟ್ಟರು. ನಾನು ಬಂದು ನಿನ್ನ ಲಗ್ನ ಮುರಿಯುವುದಕ್ಕಿಂತ ಬರದೆ ಇರುವುದು ನನಗೆ ಹಗುರ ಎಂದುಕೊಂಡಿದ್ದೆ. ಹಗುರ ಏನೂ ಇಲ್ಲ, ಎದೆಯಲ್ಲಿ ಬೀಸುವ ಕಲ್ಲು ಇಟ್ಟ ಹಾಗಿದೆ. ಆದರೂ ಬರುವುದಿಲ್ಲ.

ಕುದಿನೀರು ಬಿದ್ದಾಗ ನನಗೆ ನೋವಾಗಲಿಲ್ಲ. ಇನ್ನು ಮೇಲೆ ನನ್ನನ್ನು ಅವ್ವ ಎನ್ನುವುದಿಲ್ಲ ಎಂದು ನೀನು ಕೊನೆಗೆ ಬರೆದಿದ್ದೀಯಲ್ಲ, ಅದು ನೋಯಿಸಿತು. ಸಿಟ್ಟಿನಲ್ಲಿ ಬರೆದಿದ್ದೀ ಎಂದು ಗೊತ್ತು. ಆದರೂ ಆ ಸಾಲಿಗೆ ಮತ್ತೆ ಮತ್ತೆ ಕಣ್ಣು ಹೋಗುತ್ತದೆ.

ಇನ್ನು ನಿನ್ನ ಕಾಲಿನ ವಿಚಾರ. ಅರಿಷಿಣದ ಹಿಂದಿನ ದಿನ ಅವ್ವ ಮಗಳ ಕಾಲು ತಿಕ್ಕಿ ತೊಳೆಯಬೇಕು. ಸೋದರತ್ತೆ ಬಂದು ನಾನು ಮಾಡುತ್ತೇನೆ ಎನ್ನುತ್ತಾಳೆ, ಕೊಡಬೇಡ. ನನಗೆ ಹೊಟ್ಟೆಕಿಚ್ಚು ಎಂದು ತಿಳಿದುಕೋ. ನನಗೆ ಬರಲಾಗದಿದ್ದರೆ ಆ ಕೆಲಸ ಬೇರೆ ಯಾರೂ ಮಾಡುವುದು ಬೇಡ, ನೀನೇ ಮಾಡಿಕೋ. ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ಕುಳಿತುಕೋ. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಒಂದು ಹಿಡಿ ಉಪ್ಪು ಹಾಕು. ನಿನ್ನ ಕಾಲಿಗೆ ಬಿಸಿ ತಿಳಿಯುತ್ತದೆ, ಆದರೂ ಮೊದಲು ಮೊಣಕೈ ಅದ್ದಿ ನೋಡು, ನನ್ನ ಸಮಾಧಾನಕ್ಕೆ. ಅವಸರ ಮಾಡದೆ ನೆನೆಯಲು ಬಿಡು. ಮಗ್ಗ ತುಳಿದು ತುಳಿದು ನಿನ್ನ ಬಲಗಾಲಿನ ಹೆಬ್ಬೆರಳ ಬುಡ ಗಟ್ಟಿಯಾಗಿದೆ, ಅಲ್ಲಿ ಕಲ್ಲನ್ನು ಒಂದೇ ಕಡೆಗೆ ಆಡಿಸು, ಹಿಂದೆ ಮುಂದೆ ಉಜ್ಜಿದರೆ ಚರ್ಮ ಕಿತ್ತು ಬರುತ್ತದೆ. ಎಲ್ಲ ಒಂದೇ ದಿನ ಹೋಗಬೇಕು ಎಂದು ಹಟ ಮಾಡಬೇಡ, ಕೆಂಪು ಕಂಡ ಕೂಡಲೇ ನಿಲ್ಲಿಸು. ಉಗುರನ್ನು ನೇರ ಕತ್ತರಿಸು, ಮೂಲೆ ಕೊರೆಯಬೇಡ. ಹಸಿ ಇರುವಾಗಲೇ ಕುಸುಬಿ ಎಣ್ಣೆಗೆ ಚಿಟಿಕೆ ಅರಿಷಿಣ ಹಾಕಿ ಹಿಮ್ಮಡಿಯಿಂದ ಬೆರಳ ಕಡೆಗೆ ತಿಕ್ಕು. ಹಳೆಯ ಸೀರೆಯ ತುಂಡು ಸುತ್ತಿಕೊಂಡು ಮಲಗು.

ಸಣ್ಣವಳಿದ್ದಾಗ ನಾನು ನಿನ್ನ ಅಂಗಾಲಿಗೆ ಕಲ್ಲು ಮುಟ್ಟಿಸಿದರೆ ಸಾಕು, ನೀನು ನಕ್ಕು ನಕ್ಕು ನನ್ನ ಎದೆಗೆ ಒದೆಯುತ್ತಿದ್ದೆ. ಈಗಲೂ ಕಚಗುಳಿಯಾಗುತ್ತದೆ. ಆದಾಗ ತಡೆದುಕೊಳ್ಳಬೇಡ, ಒಬ್ಬಳೇ ಇದ್ದರೂ ನಗು. ಪಿಲ್ಲಿ ತೊಡಿಸುವಾಗ ಬೆರಳು ಬಿಗಿ ಹಿಡಿಯಬೇಡ, ಸಡಿಲ ಬಿಟ್ಟರೆ ತಾನೇ ಏರುತ್ತದೆ. ಅವ್ವ ಎಲ್ಲಿ ಎಂದು ಯಾರಾದರೂ ಕೇಳಿದರೆ ದವಾಖಾನೆಯಲ್ಲಿ ರಜೆ ಸಿಗಲಿಲ್ಲ ಎನ್ನು. ಅಳು ಬಂದರೆ ಅಳು, ತವರು ಬಿಡುವ ಹುಡುಗಿ ಅತ್ತರೆ ಯಾರೂ ಯಾಕೆ ಎಂದು ಕೇಳುವುದಿಲ್ಲ.

ಕಾಲಿನ ಗಾಯ ಮಾಯುತ್ತಿದೆ. ನರ್ಸಬಾಯಿ ದಿನವೂ ಪಟ್ಟಿ ಕಟ್ಟುತ್ತಾ ಬೈಯುತ್ತಾಳೆ. ಮಾಯವ್ವ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ಬರುವ ಭಾನುವಾರ ಅಪ್ಪನ ಜೊತೆ ಬಂದು ಒಂದು ಸಲ ಮುಖ ತೋರಿಸು, ಆಮೇಲೆ ನಿನಗೂ ಬರಲು ಆಗುವುದಿಲ್ಲ.

ನೀನು ಅವ್ವ ಎಂದರೂ ಎನ್ನದಿದ್ದರೂ
ನಿನ್ನ ಅವ್ವ,
ಕಾಂತಾ

ತಾ.ಕ.: ಇದನ್ನು ಬರೆಯಬಾರದೆಂದು ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಲಗ್ನದ ಸಂಜೆ ನಿಮ್ಮ ನಿಬ್ಬಣ ಖಾನಾಪುರಕ್ಕೆ ಹೋಗುವ ಗಾಡಿ ದೇಸೂರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಾನು ಬಸ್ಸಿನಲ್ಲಿ ಹೋಗಿ ಅಲ್ಲಿ ನಿಂತಿರುತ್ತೇನೆ. ಪ್ಲಾಟ್‌ಫಾರ್ಮಿನ ಕಡೆಯ ಕಿಟಕಿಯ ಹತ್ತಿರ ಕುಳಿತುಕೋ. ಇಳಿಯಬೇಡ, ಕೈ ಬೀಸಬೇಡ, ಅವ್ವಾ ಎಂದು ಕರೆಯಬೇಡ. ಬಾಳವ್ವನವರು ನಿನ್ನ ಪಕ್ಕದಲ್ಲೇ ಇರುತ್ತಾರೆ. ಅವರು ನನ್ನನ್ನು ಕಂಡರೂ ಕಾಣದವರ ಹಾಗೆ ಕುಳಿತಿರುತ್ತಾರೆ. ನೀನೂ ಹಾಗೆಯೇ ಕುಳಿತಿರು.